ಶನಿವಾರದ ನಾಯಿ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಗುರುಗಳೂ ಅವರ ಶಿಷ್ಯ ಮರುಳಸಿದ್ಧನೂ ಇದ್ದರು.

ಊರಿನವರು ತಮಗೆ ಬೇಡವಾದ ನಾಯಿಮರಿ, ಬೆಕ್ಕಿನ ಮರಿಗಳನ್ನು ಆಶ್ರಮದ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರು. ಗುರುಗಳು ಅವಕ್ಕೆ ಅನ್ನ ಹಾಕುತ್ತಿದ್ದರು. ಸಾಕುತ್ತೇವೆಂದು ಬಂದವರಿಗೆ ಕೊಡುತ್ತಿದ್ದರು. ಕೊಡುವ ಕೆಲಸ ಮರುಳಸಿದ್ಧನದು.

ಬಿಳಿಯವು ಮೊದಲು ಹೋಗುತ್ತಿದ್ದವು. ಆಮೇಲೆ ಕಂದು, ಆಮೇಲೆ ಮಚ್ಚೆಯವು. ಕರಿಯವು ಉಳಿಯುತ್ತಿದ್ದವು.

ಆ ವರ್ಷ ಒಂದು ಕರಿ ಬೆಕ್ಕು ಉಳಿಯಿತು, ಒಂದು ಕರಿ ಹೆಣ್ಣು ನಾಯಿ ಉಳಿಯಿತು. ಬೆಕ್ಕು ಯಾರನ್ನೂ ಕೇಳದೆ ಗುರುಗಳ ಹಾಸಿಗೆಯನ್ನು ತನ್ನದು ಮಾಡಿಕೊಂಡಿತು. ನಾಯಿ ಮಾತ್ರ ಯಾರು ಬಂದರೂ ಎದ್ದು ಬಾಗಿಲಿಗೆ ಹೋಗುತ್ತಿತ್ತು.

ಒಂದು ಭಾನುವಾರ ಕಾರಿನಲ್ಲಿ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಕಾಲೇಜು ಓದುವ ಮಗಳು. ಕರಿ ನಾಯಿ ಹೋಗಿ ಮಗಳ ಕಾಲ ಬಳಿ ಕೂತಿತು.

“ನಿಮ್ಮನ್ನೇ ಆರಿಸಿಕೊಂಡಿದೆ. ತಗೊಂಡು ಹೋಗಿ,” ಎಂದ ಮರುಳಸಿದ್ಧ.

ಹುಡುಗಿ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ನೋಡಿದಳು. “ಅಯ್ಯೋ, ಎರಡು ಕಣ್ಣು ಬಿಟ್ರೆ ಏನೂ ಬಂದಿಲ್ಲ. ಇದು ಖುಷಿಯಲ್ಲಿದೆಯೋ ಸಿಟ್ಟಲ್ಲಿದೆಯೋ ಅಂತಾನೂ ಗೊತ್ತಾಗಲ್ಲ ಅಂಕಲ್.”

“ಬಾಲ ನೋಡಮ್ಮ.”

ಅವಳು ಬಾಲ ನೋಡಲಿಲ್ಲ. ತಾಯಿ ಮಗಳ ತೋಳು ಹಿಡಿದು ಈಚೆಗೆ ಎಳೆದುಕೊಂಡಳು. “ನಮಗೇನೂ ಇಲ್ಲಪ್ಪ. ನಾವು ಅದನ್ನೆಲ್ಲ ನಂಬೋದಿಲ್ಲ. ಆದರೆ ನಮ್ಮ ಅತ್ತೆ ಇದ್ದಾರಲ್ಲ, ಕರಿದು ಹೊಸಿಲು ದಾಟಬಾರದು ಅಂತಾರೆ.”

ಅವರು ಮಚ್ಚೆಯ ಮರಿಯೊಂದನ್ನು ಆರಿಸಿಕೊಂಡರು. ಕಾರು ಹೊರಡುವಾಗ ಬೆಕ್ಕು ಅಡ್ಡ ಹಾಯಿತು. ಗಂಡ ಕಾರು ನಿಲ್ಲಿಸಿದ. ಮೂವರೂ ಇಳಿದು ಒಳಗೆ ಬಂದರು. ಒಂದೊಂದು ಲೋಟ ನೀರು ಕುಡಿದರು. ಒಂದಿಷ್ಟು ಹೊತ್ತು ಸುಮ್ಮನೆ ಕೂತು, ಮತ್ತೆ ಎದ್ದು ಹೋದರು.

ಮರುಳಸಿದ್ಧ ಆ ಲೋಟಗಳನ್ನು ಸದ್ದು ಮಾಡುತ್ತಾ ತೊಳೆದ.

“ಗುರುಗಳೇ, ಈ ಜನಕ್ಕೆ ಕಣ್ಣಿಲ್ಲವೇ?”

“ಇದೆ.”

“ಇದ್ದರೆ ಯಾಕೆ ಹೀಗೆ?”

“ಒಂದೇ ನೋಟಕ್ಕೆ ಎಲ್ಲ ಸಿಗಬೇಕು ಅವರಿಗೆ. ಕಪ್ಪನ್ನು ಎರಡು ಸಲ ನೋಡಬೇಕಾಗುತ್ತದೆ.”

“ಎರಡನೆಯ ಸಲ ನೋಡುವವರು ಯಾವಾಗ ಬರುತ್ತಾರೆ?”

“ನೀನು ಬಂದು ಬಹಳ ದಿನ ಆಯಿತಲ್ಲ,” ಎಂದರು ಗುರುಗಳು.

ಮರುಳಸಿದ್ಧನಿಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು, ಆ ಸಿಟ್ಟು ಅವನಿಗೆ ಹಿತವಾಗಿತ್ತು.

ಭಾನುವಾರ ಬೇಡವಾದ ನಾಯಿ ಶನಿವಾರ ಎಲ್ಲರಿಗೂ ಬೇಕಾಗುತ್ತಿತ್ತು.

ಶನಿಯ ಕಾಟ ಇದ್ದವರು ಕರಿ ನಾಯಿಗೆ ಎಣ್ಣೆ ಸವರಿದ ರೊಟ್ಟಿ ಹಾಕಬೇಕೆಂದು ಜ್ಯೋತಿಷಿಗಳು ಹೇಳುತ್ತಿದ್ದರು. ಹಾಗಾಗಿ ಪ್ರತಿ ಶನಿವಾರ ಬೆಳಗ್ಗೆ ಜನ ಬರುತ್ತಿದ್ದರು. ಬೇಲಿಯಾಚೆಯಿಂದಲೇ ರೊಟ್ಟಿ ಎಸೆಯುತ್ತಿದ್ದರು. ಕಾಟ ಹಿಂದೆಯೇ ಬಂದೀತೆಂದು ತಿರುಗಿ ನೋಡದೆ ಹೋಗುತ್ತಿದ್ದರು. ನಾಯಿ ರೊಟ್ಟಿ ಬಿಟ್ಟು ಅವರ ಹಿಂದೆ ಸ್ವಲ್ಪ ದೂರ ಓಡುತ್ತಿತ್ತು. ಅವರು ಇನ್ನೂ ಜೋರಾಗಿ ನಡೆಯುತ್ತಿದ್ದರು.

ಅವರಲ್ಲಿ ಅಕ್ಕಿ ಗಿರಣಿಯ ಕೊಟ್ರೇಶಪ್ಪನೂ ಒಬ್ಬ. ಆಶ್ರಮಕ್ಕೆ ಅಕ್ಕಿ ಬರುತ್ತಿದ್ದುದು ಅವನ ಗಿರಣಿಯಿಂದಲೇ. ಗಿರಣಿಯ ಜಾಗದ ಮೇಲೆ ದಾಯಾದಿಗಳು ಕೇಸು ಹಾಕಿದ್ದರು. ಮಗನಿಗೆ ಬಂದ ಸಂಬಂಧಗಳು ಮುರಿದು ಬೀಳುತ್ತಿದ್ದವು.

ಅವನು ರೊಟ್ಟಿ ಎಸೆದು ತಿರುಗಿದಾಗ ಮರುಳಸಿದ್ಧ ಅಡ್ಡ ನಿಂತ.

“ರೊಟ್ಟಿ ಎಸೆದು ಓಡಿದರೆ ಕಾಟ ಹೋಗುತ್ತದೆಯೇ ಯಜಮಾನರೇ? ಇದು ಭೈರವನ ವಾಹನ. ಮೈಯಲ್ಲಿ ಒಂದು ಬಿಳಿ ಕೂದಲು ತೋರಿಸಿ ನೋಡೋಣ. ಇಂಥದು ಬಾಗಿಲಲ್ಲಿ ಇದ್ದರೆ ಶನಿ ಆ ಬೀದಿಗೇ ಬರುವುದಿಲ್ಲ.”

“ಹೌದಾ?”

“ನಿಮಗೆ ಬೇಡವಾದರೆ ಬಿಡಿ. ಕೇಳಿದವರು ಬೇರೆಯವರು ಇದ್ದಾರೆ.”

ಯಾರೂ ಕೇಳಿರಲಿಲ್ಲ. ಕೊಟ್ರೇಶಪ್ಪ ಆ ದಿನವೇ ನಾಯಿಗೆ ಚೆಂಡು ಹೂವಿನ ಹಾರ ಹಾಕಿಸಿ ಒಯ್ದ.

“ಏನು ಹೇಳಿ ಒಪ್ಪಿಸಿದೆ?” ಎಂದು ಗುರುಗಳು ಕೇಳಿದರು.

“ಒಳ್ಳೆಯ ಮಾತನ್ನೇ ಹೇಳಿದೆ.”

ಗುರುಗಳು ಅವನ ಮುಖವನ್ನು ನೋಡಿದರು. ಮತ್ತೇನೂ ಕೇಳಲಿಲ್ಲ.

ಚಳಿಗಾಲ ಕಳೆದು ಬಿಸಿಲು ಬಂದಾಗ ಕೊಟ್ರೇಶಪ್ಪ ಹಣ್ಣಿನ ತಟ್ಟೆ ಹಿಡಿದು ಬಂದ. ಹಿಂದೆ ಬಂದ ಆಟೋದಿಂದ ಆಳುಗಳು ನಾಯಿಯನ್ನು ಇಳಿಸಿದರು.

ಅದು ನಿಂತಿತು, ಒಂದು ಹೆಜ್ಜೆ ಇಟ್ಟಿತು, ಕೂತಿತು. ಪಕ್ಕೆಲುಬು ಎಣಿಸಬಹುದಾಗಿತ್ತು. ಕುತ್ತಿಗೆಯ ಸುತ್ತ ಕೂದಲು ಉದುರಿ, ಚರ್ಮ ಹರಿದು, ಕೆಂಪು ಮಾಂಸ ಕಾಣುತ್ತಿತ್ತು. ನೊಣ ಮುತ್ತಿದ್ದವು.

“ಕೇಸು ಗೆದ್ದೆವು ಅಜ್ಜಾರೇ,” ಎಂದು ಗುರುಗಳಿಗೆ ಹೇಳಿದ ಕೊಟ್ರೇಶಪ್ಪ. “ಮಗನ ಮದುವೆಯೂ ಗೊತ್ತಾಯಿತು. ಎಲ್ಲ ನಿಮ್ಮ ಆಶೀರ್ವಾದ.”

“ನಾಯಿಯನ್ನು ಯಾಕೆ ತಂದೆ?”

“ನಮ್ಮನೆ ಕಾಟವೆಲ್ಲ ಇದರ ಮೈಯೊಳಗೆ ಇಳಿದಿದೆಯಂತೆ. ಮದುವೆ ಮನೆ ಮುಂದೆ ಇಟ್ಟುಕೋಬಾರದು ಅಂತ ಜ್ಯೋತಿಷಿಗಳು ಹೇಳಿದರು. ಅದರ ಕೆಲಸ ಮುಗೀತಲ್ಲ.”

“ಊಟಕ್ಕೆ ಏನು ಹಾಕುತ್ತಿದ್ದೆ?”

“ಒಂದು ಶನಿವಾರವೂ ತಪ್ಪಿಸಿಲ್ಲ ಅಜ್ಜಾರೇ!”

“ಉಳಿದ ದಿನ?”

ಕೊಟ್ರೇಶಪ್ಪ ತಲೆ ಕೆರೆದುಕೊಂಡ. “ಆಳುಗಳು ಏನಾದರೂ ಹಾಕಿರಬೇಕು.”

ಗುರುಗಳು ಹಣ್ಣಿನ ತಟ್ಟೆಯನ್ನು ಮುಟ್ಟಲಿಲ್ಲ. ಅವನು ಅದನ್ನು ಜಗಲಿಯ ಮೇಲಿಟ್ಟು ಹೋದ.

ಮರುಳಸಿದ್ಧ ನಾಯಿಯ ಮೇಲಿನ ನೊಣ ಓಡಿಸುತ್ತಾ ಕೂಗಿದ. “ಇವನು ಮನುಷ್ಯನೇ ಗುರುಗಳೇ? ಇವನ ವಂಶ…”

“ಅವನನ್ನು ಆಮೇಲೆ ಬೈ. ನೀನು ಅವನಿಗೆ ಹೇಳಿದ ಒಳ್ಳೆಯ ಮಾತು ಯಾವುದು?”

ಮರುಳಸಿದ್ಧ ನೆಲ ನೋಡುತ್ತಾ ಏನೋ ಗೊಣಗಿದ.

“ಗಟ್ಟಿಯಾಗಿ ಹೇಳು. ನಾಯಿಗೂ ಕೇಳಲಿ.”

“ಭೈರವನ ವಾಹನ ಅಂದೆ. ಬಾಗಿಲಲ್ಲಿದ್ದರೆ ಶನಿ ಬರುವುದಿಲ್ಲ ಅಂದೆ.”

“ಭೈರವ ನಿನ್ನ ಹತ್ತಿರ ಹೇಳಿ ಕಳಿಸಿದ್ದನೋ?”

“ಅದಕ್ಕೊಂದು ಮನೆ ಸಿಗಲಿ ಅಂತ ಹೇಳಿದೆ! ಅದರ ಪರವಾಗಿ ಮಾತಾಡಿದವನು ನಾನೊಬ್ಬನೇ!”

“ಕರಿದು ಅಂತ ಅವರು ಬಿಟ್ಟು ಹೋದರು. ಕರಿದು ಅಂತ ನೀನು ಸಾಗಿಸಿದೆ. ಈ ಗಾಯಕ್ಕೆ ಅದರಲ್ಲಿ ಏನು ವ್ಯತ್ಯಾಸ?”

ಗುರುಗಳ ದನಿ ಏರಿರಲಿಲ್ಲ. ಆದರೆ ಹಾಸಿಗೆಯ ಮೇಲಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

“ಅದರ ಬಣ್ಣ ಬಿಟ್ಟು ಇನ್ನೊಂದು ಮಾತು ಹೇಳು. ಅದಕ್ಕೆ ಯಾವುದರ ಭಯ? ಯಾವ ಮಗ್ಗುಲಾಗಿ ಮಲಗುತ್ತದೆ? ಏನು ಕಂಡರೆ ಆಸೆ?”

ಮರುಳಸಿದ್ಧ ಬಾಯಿ ತೆರೆದ. ಹೇಳಲು ಏನೂ ಇರಲಿಲ್ಲ. ದಿನವೂ ಅದಕ್ಕೆ ಅನ್ನ ಹಾಕಿದ್ದ, ದಿನವೂ ಅದಕ್ಕಾಗಿ ಜಗಳ ಆಡಿದ್ದ.

“ಹೋಗು. ಅದರ ಜೊತೆ ಇರು. ಹೇಳುವುದಕ್ಕೆ ಏನಾದರೂ ಸಿಕ್ಕಿದ ದಿನ ನನ್ನ ಹತ್ತಿರ ಬಾ.”

ಮರುಳಸಿದ್ಧ ಗಾಯ ತೊಳೆದ. ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದ. ನಾಯಿ ಅವನ ಕೈಯನ್ನು ಒಂದು ಸಲ ಕಚ್ಚಿತು. ಆಮೇಲೆ ಕಚ್ಚಿದ ಜಾಗವನ್ನು ನೆಕ್ಕಿತು.

ಅವನು ಗೋಣಿಚೀಲ ಹಾಸಿ ಅದರ ಪಕ್ಕದಲ್ಲೇ ಮಲಗತೊಡಗಿದ. ಮೊದಮೊದಲು ಗುರುಗಳ ಮೇಲಿನ ಸಿಟ್ಟಿಗೆ ಮಲಗಿದ. ಆಮೇಲೆ ಸಿಟ್ಟು ಮರೆತು ಹೋಯಿತು.

ಮುಂಗಾರಿನ ಮೊದಲ ಗುಡುಗು ಕೇಳಿದ ಮರುದಿನ ಅವನು ಗುರುಗಳ ಬಳಿ ಬಂದ.

“ಗುಡುಗಿದರೆ ಅದು ನೀರಿನ ಬಾನಿಯ ಹಿಂದೆ ಮುಖ ತೂರಿಸಿ ಕೂರುತ್ತದೆ. ಹಿಂಭಾಗವೆಲ್ಲ ಹೊರಗೇ ಇರುತ್ತದೆ, ಆದರೂ ಅಡಗಿಕೊಂಡಿದ್ದೇನೆ ಅಂದುಕೊಳ್ಳುತ್ತದೆ.”

ಗುರುಗಳು ಕೇಳುತ್ತಿದ್ದರು.

“ಬಳ್ಳಿಯಲ್ಲಿ ಸೌತೆಕಾಯಿ ಕಾಣೆಯಾಗುತ್ತಿದ್ದುದು ಇದರ ಕೆಲಸ. ಹೊರಗೆ ಬಿಡಬೇಕಾದರೆ ಬೊಗಳುವುದಿಲ್ಲ, ಬಾಗಿಲ ಹತ್ತಿರ ನಿಂತು ಸೀನುತ್ತದೆ. ಎಳೆ ಬಿಸಿಲಿನಲ್ಲಿ ನಿಂತರೆ ಬೆನ್ನು ಕೆಂಚಗೆ ಕಾಣುತ್ತದೆ ಗುರುಗಳೇ. ನಾವು ಅಂದುಕೊಂಡ ಹಾಗೆ ಅದು ಕಪ್ಪೇ ಅಲ್ಲ. ಕೈ ಎತ್ತಿದವರನ್ನು ಕಂಡರೆ ಮಾತ್ರ ಉಚ್ಚೆ ಹೊಯ್ದುಕೊಳ್ಳುತ್ತದೆ. ಮೊದಲು ಹಾಗಿರಲಿಲ್ಲ ಅನಿಸುತ್ತದೆ. ನಾನು ನೋಡಿರಲಿಲ್ಲ.”

ಮತ್ತೆ ಅವನೇ ಹೇಳಿದ. “ಇದನ್ನೆಲ್ಲ ಹೇಳಿದ್ದರೆ ಕೊಟ್ರೇಶಪ್ಪ ಒಯ್ಯುತ್ತಲೇ ಇರಲಿಲ್ಲ.”

“ಹೌದು,” ಎಂದರು ಗುರುಗಳು.

ಆ ವಾರ ಹಾಲವ್ವ ಎಂಬ ಹೆಂಗಸು ಬಂದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಒಬ್ಬಳೇ ಭಟ್ಟಿಗೆ ನಡೆಯಬೇಕು. ಹಾದಿಯಲ್ಲಿ ಕುಡುಕರ ಕಾಟ. ಜೊತೆಗೊಂದು ನಾಯಿ ಬೇಕಿತ್ತು.

“ಜೋರಾಗಿರೋದು ಕೊಡ್ರಿ,” ಎಂದಳು.

ಮರುಳಸಿದ್ಧ ಸುಳ್ಳು ಹೇಳಲಿಲ್ಲ. “ಇದು ಜೋರಿಲ್ಲವ್ವಾ. ಗುಡುಗಿಗೆ ಹೆದರುತ್ತದೆ. ಸೌತೆಕಾಯಿ ಕದಿಯುತ್ತದೆ. ಆದರೆ ಒಂದು ಸಲ ನಿನ್ನ ಜೊತೆ ಹೊರಟರೆ ಹಿಂದೆ ಬೀಳುವುದಿಲ್ಲ.”

“ಗುಡುಗಿಗೆ ನಾನೂ ಹೆದರ್ತೀನಿ ಬಿಡ್ರಿ. ನನ್ನೇನು ಯಾರಾದ್ರೂ ಹೊರಗೆ ಹಾಕ್ಯಾರಾ?” ಅವಳು ಕುಕ್ಕುರುಗಾಲಲ್ಲಿ ಕೂತು ಅದರ ಕುತ್ತಿಗೆ ನೋಡಿದಳು. “ಇದನ್ಯಾವನು ಮಾಡಿದ್ದು? ಅವನ ಕೈ ಸೇದಿ ಹೋಗ.” ಸೆರಗಿನ ಗಂಟಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಚಾಚಿದಳು. “ಬಾ ತಂಗೀ.”

ನಾಯಿ ಬಂತು.

ಅವರಿಬ್ಬರೂ ಬಾಗಿಲು ದಾಟುವಷ್ಟರಲ್ಲಿ ಕೊಟ್ರೇಶಪ್ಪನ ಜೀಪು ಬಂದು ನಿಂತಿತು. ದಾಯಾದಿಗಳು ಮೇಲಿನ ಕೋರ್ಟಿಗೆ ಹೋಗಿದ್ದರು. ಹೆಣ್ಣಿನ ಕಡೆಯವರು ಮದುವೆ ಮುಂದೆ ಹಾಕಿದ್ದರು.

ನಾಯಿ ಅವನನ್ನು ಕಂಡು ನಿಂತಲ್ಲೇ ಒದ್ದೆ ಮಾಡಿಕೊಂಡಿತು.

“ನಾಯಿ ಕಳಿಸಿದ್ದೇ ತಪ್ಪಾಯಿತಂತೆ,” ಎಂದ ಕೊಟ್ರೇಶಪ್ಪ. “ಅದನ್ನು ಇತ್ತ ಕೊಡಮ್ಮ. ನೀನು ಬೇರೆ ಯಾವುದಾದರೂ ತಗೋ.”

ಹಾಲವ್ವ ನಾಯಿಯ ಬೆನ್ನ ಮೇಲೆ ಕೈ ಇಟ್ಟಳು. ಜೀಪನ್ನು ನೋಡಿದಳು. “ದೊಡ್ಡೋರು ನೀವು,” ಎಂದಳು ಮೆಲ್ಲಗೆ. ಕೈ ಮಾತ್ರ ತೆಗೆಯಲಿಲ್ಲ.

ಮರುಳಸಿದ್ಧ ಓಡಿ ಬಂದು ನಡುವೆ ನಿಂತ. “ಕೊಡುವುದಿಲ್ಲ. ನಾನು ಅವತ್ತು ಹೇಳಿದ್ದು ಸುಳ್ಳು. ಭೈರವನೂ ಇಲ್ಲ, ಶನಿಯೂ ಇಲ್ಲ. ಅದು ಬರೀ ನಾಯಿ.”

“ನೀನು ಈಗ ಹೇಳುತ್ತಿರೋದು ಸುಳ್ಳಪ್ಪ. ಅದು ಇದ್ದಾಗ ಗೆದ್ದೆ, ಹೋದಮೇಲೆ ಕೆಟ್ಟೆ. ನಾನೇ ಕಂಡಿದ್ದೇನಲ್ಲ.”

“ಅದರ ಕುತ್ತಿಗೆ ಕಂಡಿದ್ದೀರಾ?”

“ಕಬ್ಬಿಣದ ಸರಪಳಿ ಅದಕ್ಕೆ ಆಗಿಬರಲಿಲ್ಲ, ಒಪ್ಪಿಕೊಳ್ತೀನಿ. ಅದಕ್ಕೇ ನೋಡು.” ಕೊಟ್ರೇಶಪ್ಪ ಜೀಪಿನಿಂದ ಕೆಂಪು ವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ ಬೆಳ್ಳಿಯ ಸರಪಳಿ ಇತ್ತು. “ಯಾವ ನಾಯಿಗೆ ಇಂಥ ಭಾಗ್ಯ ಇದೆ?”

ಮರುಳಸಿದ್ಧನ ಕೈ ಮುಷ್ಟಿಯಾಯಿತು.

“ಹೊಡೆಯುತ್ತೀಯೇನೋ? ನಿನ್ನ ಹೊಟ್ಟೆಯಲ್ಲಿರೋದು ನನ್ನ ಗಿರಣಿ ಅಕ್ಕಿ.”

“ಮರುಳಸಿದ್ಧ, ಈಚೆ ಬಾ,” ಎಂದರು ಗುರುಗಳು. ಅವರು ಜಗಲಿಯಿಂದ ಇಳಿದು ಬರುತ್ತಿದ್ದರು.

ಮರುಳಸಿದ್ಧ ಕದಲಲಿಲ್ಲ.

“ಈಚೆ ಬಾ ಅಂದೆ.”

ಅವನು ಹಲ್ಲು ಕಚ್ಚಿಕೊಂಡು ಪಕ್ಕಕ್ಕೆ ಸರಿದ. ಕೊಟ್ರೇಶಪ್ಪ ಗೆದ್ದವನಂತೆ ಕೈಮುಗಿದ. “ನೀವಾದರೂ ಬಂದಿರಲ್ಲ ಅಜ್ಜಾರೇ.”

“ನಿನ್ನ ಮನೆಯ ಕಾಟವನ್ನು ಮೈಮೇಲೆ ಇಳಿಸಿಕೊಳ್ಳಲು ಬಾಗಿಲಲ್ಲಿ ಒಂದು ಜೀವ ಇರಬೇಕು. ಅಷ್ಟೇ ತಾನೇ?”

“ಅಷ್ಟೇ. ಹೆಚ್ಚೇನೂ ಕೇಳುತ್ತಿಲ್ಲ.”

“ಶನಿವಾರ ಒಂದು ರೊಟ್ಟಿ.”

“ಒಂದಲ್ಲ, ಎರಡು ಹಾಕಿಸೋಣ.”

“ಆಗಲಿ.” ಗುರುಗಳು ಹಾಲವ್ವನ ಕಡೆ ತಿರುಗಿದರು. “ನೀನು ನಿನ್ನ ನಾಯಿಯನ್ನು ಕರೆದುಕೊಂಡು ಹೊರಡು ತಾಯಿ. ಮಳೆ ಬರುವ ಹಾಗಿದೆ.”

ಹಾಲವ್ವ ಇನ್ನೊಂದು ಮಾತು ಕೇಳಲಿಲ್ಲ. ಹೊಳೆಯ ಹಾದಿ ಹಿಡಿದು ಬಿರಬಿರನೆ ನಡೆದಳು. ನಾಯಿ ಅವಳ ಕಾಲಿಗೆ ಕಾಲು ಸೇರಿಸಿ ನಡೆಯಿತು.

“ಅಜ್ಜಾರೇ, ಇದೇನು? ನಾಯಿ ಹೋಗುತ್ತಿದೆಯಲ್ಲ!”

ಗುರುಗಳು ಮೈಮೇಲಿನ ವಸ್ತ್ರವನ್ನು ತೆಗೆದು ಮರುಳಸಿದ್ಧನ ಕೈಗೆ ಕೊಟ್ಟರು. ಕೊಟ್ರೇಶಪ್ಪನ ಕಾಲ ಬಳಿ, ನಾಯಿ ಒದ್ದೆ ಮಾಡಿದ್ದ ನೆಲದ ಮೇಲೆಯೇ ಕೂತರು. ಕತ್ತನ್ನು ಮುಂದಕ್ಕೆ ಚಾಚಿದರು.

“ನಾನೂ ಕಪ್ಪಗಿದ್ದೇನೆ, ಕೊಟ್ರೇಶಪ್ಪ. ಕಟ್ಟು.”