ಕೆಂಡಗಲ್ಲಿನ ಬೂದಿ

ಒಂದು ಕಾಡಿನಲ್ಲಿ ಎಂಥ ಚಳಿ ಬಂದರೂ ಯಾರೂ ನಡುಗುತ್ತಿರಲಿಲ್ಲ. ಅಲ್ಲಿನ ಗುಡ್ಡದಲ್ಲಿ ಕೆಂಡಗಲ್ಲು ಸಿಗುತ್ತಿತ್ತು. ಒಂದು ಕಲ್ಲು ತಂದಿಟ್ಟರೆ ಗವಿ ಮೂರು ಚಳಿಗಾಲ ಬೆಚ್ಚಗಿರುತ್ತಿತ್ತು. ಆಮೇಲೆ ಕಲ್ಲು ಮಂಕಾಗುತ್ತಿತ್ತು. ಮಂಕಾದ ಕಲ್ಲನ್ನು ಮುಟ್ಟಿದರೆ ಮೈಕೂದಲು ಉದುರುತ್ತಿತ್ತು. ಅದಕ್ಕೇ ಅದನ್ನು ಬಂಡೆಯ ಹಿಂದೆ ರಾಶಿ ಹಾಕುತ್ತಿದ್ದರು. ರಾಶಿ ಬೆಳೆಯಿತು, ಗುಡ್ಡದಲ್ಲಿ ಹೊಸ ಕಲ್ಲು ಮುಗಿಯುತ್ತಾ ಬಂತು.

ಕಾಡಿನ ಒಡತಿ ಆನೆಯಜ್ಜಿ ಸಭೆ ಕರೆದಳು. ಪುನುಗುಬೆಕ್ಕು ಪುನುಗಪ್ಪ ಮೀಸೆ ತೀಡುತ್ತಾ ಎದ್ದ.

“ಅಜ್ಜೀ, ಹಳೇ ಕಲ್ಲು ಅಂದ್ರೆ ಬೂದಿ ಮುಚ್ಚಿದ ಕೆಂಡ. ನಾನು ಒಡೆದು ಒಳಗಿನ ಕೆಂಡ ತೆಗೆದುಕೊಡ್ತೀನಿ. ಕಲ್ಲಿಗೊಂದು ಜೇನುತಟ್ಟಿ ಕೊಟ್ಟರೆ ಸಾಕು.”

ಎಲ್ಲರೂ ತಲೆದೂಗಿದರು. ನೀರುನಾಯಿ ಮಿಂಚಿ ಮಾತ್ರ ಸುಮ್ಮನಿರಲಿಲ್ಲ. ಹೊಳೆಯ ಮಡುವಿನಲ್ಲಿ ಅವಳ ಎರಡು ಮರಿಗಳು ಆಗಷ್ಟೇ ಈಜು ಕಲಿಯುತ್ತಿದ್ದವು.

“ಉಳಿದ ಬೂದಿ ಎಲ್ಲಿಗೆ ಹೋಗುತ್ತೆ ಪುನುಗಣ್ಣ? ಅದರ ಬಿಸಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆರಲ್ವಂತೆ.”

“ನಿನಗ್ಯಾಕಮ್ಮ ಆ ಚಿಂತೆ? ನಾನಿಲ್ವಾ?”

ಅವನಿದ್ದಾನೆ ಎಂಬುದೇ ಅವಳ ಚಿಂತೆಯಾಗಿತ್ತು.

“ಒಡೆದವನೇ ಬೂದಿಯನ್ನು ತನ್ನ ಅಂಗಳದಲ್ಲಿ ಬಂಡೆ ಕೊರೆದು ಹೂಳಬೇಕು” ಎಂದು ಆನೆಯಜ್ಜಿ ಕಟ್ಟಳೆ ಮಾಡಿದಳು. ಪುನುಗಪ್ಪ ಒಪ್ಪಿಕೊಂಡ. ಗವಿಗಳು ಮತ್ತೆ ಬೆಚ್ಚಗಾದವು. ಅವನ ಅಂಗಳದಲ್ಲಿ ಮಣ್ಣಿನ ದಿಬ್ಬವೊಂದು ಎದ್ದಿತು, ಅದರ ಮೇಲೆ ಹುಲ್ಲೂ ಬೆಳೆಯಿತು. ಅವನ ಹೊಟ್ಟೆ ಜೇನು ತಿಂದು ಗುಡಾಣವಾಯಿತು.

ಒಂದು ದಿನ ಮಿಂಚಿಯ ಮಡುವಿನಲ್ಲಿ ಮೀನುಗಳು ಸತ್ತು ತೇಲಿದವು. ಮರುದಿನ ಕಿರಿಯ ಮರಿಯ ಬೆನ್ನಿನ ಕೂದಲು ಕಿತ್ತು ಬಂತು. ಮಿಂಚಿ ಮರಿಗಳನ್ನು ದಡಕ್ಕೆಳೆದು, ಬೆಳಗಾಗುತ್ತಲೇ ಆನೆಯಜ್ಜಿಯನ್ನು ಕರೆದುಕೊಂಡು ಪುನುಗಪ್ಪನ ಅಂಗಳಕ್ಕೆ ಹೋದಳು.

“ಮರಿಗೆ ಕಜ್ಜಿ ಆಗಿರಬೇಕು. ಬೂದಿ ಇಲ್ಲೇ ಇದೆ, ದಿಬ್ಬ ಕಾಣಲ್ವಾ?” ಎಂದ ಪುನುಗಪ್ಪ.

ದಿಬ್ಬವೇನೋ ಕಾಣುತ್ತಿತ್ತು. ಮಿಂಚಿ ಸೋತು ಹಿಂದಿರುಗಬೇಕೆನ್ನುವಾಗ ಅವಳ ಅಂಗಾಲು ಒದ್ದೆಯಾಯಿತು. ದಿಬ್ಬದ ಹುಲ್ಲಿನ ತುಂಬ ಇಬ್ಬನಿ ಕೂತಿತ್ತು.

“ಅಜ್ಜೀ, ಕೆಂಡಗಲ್ಲು ಇಟ್ಟ ಗವಿ ಮುಂದೆ ಇಬ್ಬನಿ ನಿಲ್ಲಲ್ಲ. ಇಷ್ಟು ಬೂದಿ ಒಳಗಿದ್ರೆ ಇಲ್ಲಿ ಹೇಗೆ ನಿಲ್ತು?”

ಆನೆಯಜ್ಜಿ ಕಾಲಿನಿಂದ ದಿಬ್ಬ ಕೆದಕಿದಳು. ಒಳಗೆ ಬರೀ ಹಿಂಡಿದ ಜೇನುತಟ್ಟಿಗಳು. ಇಬ್ಬನಿಯಿಲ್ಲದ ಜಾಗ ಹುಡುಕುತ್ತಾ ಅವರು ಪುನುಗಪ್ಪನನ್ನೂ ಕರೆದುಕೊಂಡು ಹೊಳೆಯ ಮೇಲ್ದಂಡೆಗೆ ಹೋದರು. ತಿರುವಿನಲ್ಲಿ ಹುಲ್ಲು ಒಣಗಿ ನಿಂತಿತ್ತು, ಅದರ ಹಿಂದೆ ಬೂದಿಯ ರಾಶಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಬೂದಿ ಗುಡಿಸಿ ಎಳೆದೂ ಎಳೆದೂ ಪುನುಗಪ್ಪನ ಬಾಲ ಬೋಳಾಗಿದ್ದು ಆಗ ಇಬ್ಬರ ಕಣ್ಣಿಗೂ ಬಿತ್ತು.

“ತಪ್ಪು ನನ್ನದೂ ಇದೆ. ಕಟ್ಟಳೆ ಮಾಡಿ ಮಲಗಿಬಿಟ್ಟೆ” ಎಂದಳು ಆನೆಯಜ್ಜಿ. “ಇನ್ನು ಮೊದಲು ಗುಂಡಿ, ಆಮೇಲೆ ಕಲ್ಲು ಒಡೆಯೋದು. ಇಬ್ಬನಿ ಬಿದ್ದ ಬೆಳಗ್ಗೆ, ಬೂದಿ ಗುಂಡಿಯಲ್ಲೇ ಇದೆಯಾ ಅಂತ ಮಿಂಚಿ ಹೋಗಿ ನೋಡಿಬರಲಿ.”

ಪುನುಗಪ್ಪ ಚಳಿಗಾಲವೆಲ್ಲ ಬಂಡೆ ಕೊರೆದ, ಚೂರೂ ಬಿಡದೆ ಬೂದಿ ಹೂತ. ಅದಕ್ಕೆ ಜೇನು ಕೇಳಲಿಲ್ಲ. ಕಾಡು ಮಾತ್ರ ಬೆಚ್ಚಗೇ ಇತ್ತು.

ಮಳೆ ಬಂದು ಹೊಳೆಯನ್ನು ತೊಳೆಯಿತು. ಮರಿಯ ಬೆನ್ನಿನಲ್ಲಿ ಹೊಸ ಕೂದಲು ಮೂಡಿತು. ಮಿಂಚಿ ಮೊದಲು ತಾನು ಒಂದು ಗುಟುಕು ನೀರು ಕುಡಿದಳು. ಒಂದು ದಿನ ಕಾದಳು. ಆಮೇಲೆ ಮರಿಗಳನ್ನು ಮಡುವಿಗೆ ಬಿಟ್ಟಳು.

ನೀತಿ: ಜೇನು ತಿಂದವರೇ ಬೂದಿಯನ್ನೂ ಕಾಯಬೇಕು, ಕಟ್ಟಳೆ ಮಾಡಿದರೆ ಸಾಲದು, ಹೋಗಿ ನೋಡುತ್ತಲೂ ಇರಬೇಕು.