ಒಂಬತ್ತನೆಯ ಗಂಟೆಯ ಉಸಿರು

ತುಂಗಭದ್ರೆಯ ದಡದ ಹಂಚಿನ ಮನೆಯೊಂದರಲ್ಲಿ ರುದ್ರಾಂಬಮ್ಮ ಪಾಠ ಹೇಳುತ್ತಿದ್ದರು.

ಎಳೆಗೂಸುಗಳಿಗೆ ಉಸಿರು ಕೊಡುವ ಯಂತ್ರಗಳಿವೆಯಲ್ಲ, ಅವುಗಳ ಕರ್ನಲ್ ಅವರು ಬರೆದದ್ದು. ಯಂತ್ರದೊಳಗಿನ ಕೆಲಸವನ್ನೆಲ್ಲ ಹಂಚಿ ನಡೆಸುವ ಮೂಲ ತಂತ್ರಾಂಶ ಅದು. ಇಪ್ಪತ್ತೆಂಟು ವರ್ಷಗಳಿಂದ ನಲವತ್ತು ಊರುಗಳ ಆಸ್ಪತ್ರೆಗಳಲ್ಲಿ ಓಡುತ್ತಿತ್ತು.

ಹಾಲೇಶ ಅವರ ಶಿಷ್ಯ. ವಯಸ್ಸು ಮೂವತ್ತು ದಾಟಿತ್ತು. ಕೈ ಚುರುಕು, ಮಾತೂ ಚುರುಕು.

ಅವನಿಗೆ ಅವರು ಒಪ್ಪಿಸಿದ್ದು ಇಂಟರಪ್ಟ್ ಭಾಗ. ಒತ್ತಡ ಅಳೆಯುವ ಸಾಧನವೋ ಗಾಳಿಯ ಕವಾಟವೋ ‘ಇಲ್ಲಿ ನೋಡು’ ಎಂದು ಕೂಗಿದರೆ, ಕರ್ನಲ್ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಇಟ್ಟು ಓಡಬೇಕು. ಆ ಕೂಗೇ ಇಂಟರಪ್ಟ್. ಅದನ್ನು ವಿಚಾರಿಸಿ, ಬಿಟ್ಟಲ್ಲಿಗೇ ಮರಳಬೇಕು.

ಎಲ್ಲ ಕೂಗಿಗೂ ಓಗೊಡುವ ಕೋಡ್ ಒಂದೇ ಕಡೆ ಗಂಟುಬಿದ್ದಿತ್ತು. ನಾಲ್ಕು ಸಾವಿರ ಸಾಲು. ಅದಕ್ಕೆ ಹೊಸದೇನನ್ನಾದರೂ ಸೇರಿಸಲು ಎಲ್ಲರಿಗೂ ಭಯ.

“ಇದನ್ನೆಲ್ಲ ಕಿತ್ತು ಹೊಸದಾಗಿ ಬರೀತೀನಮ್ಮಾ. ಎರಡು ತಿಂಗಳು ಸಾಕು,” ಅಂದ ಹಾಲೇಶ.

“ಬರಿ,” ಅಂದರು.

ಎರಡು ತಿಂಗಳಲ್ಲಿ ಬರೆದ. ನೋಡಲು ಚೆಂದವಾಗಿತ್ತು.

ಬೆಳಿಗ್ಗೆ ಯಂತ್ರಕ್ಕೆ ಕೂಸಿನ ಬದಲು ರಬ್ಬರಿನ ಚೀಲ ಕಟ್ಟಿ ಓಡಿಸಿದರು. ಚೀಲ ಉಬ್ಬಿತು, ಇಳಿಯಿತು. ಓಡಲು ಶುರುವಾದ ಒಂಬತ್ತನೆಯ ಗಂಟೆಯಲ್ಲಿ ಒಮ್ಮೆ ಉಬ್ಬಲಿಲ್ಲ. ಮತ್ತೆ ಎಂದಿನಂತೆ ಉಬ್ಬತೊಡಗಿತು.

“ಎಲ್ಲಿ ತಪ್ಪಿತು?”

“ಗೊತ್ತಾಗ್ತಿಲ್ಲಮ್ಮಾ.”

“ಎಷ್ಟು ಬದಲಾಯಿಸಿದ್ದೀ?”

“ಎಲ್ಲಾ.”

“ಹಾಗಾದ್ರೆ ಎಲ್ಲಾ ಕಡೆ ಹುಡುಕು.”

ಎಂಟು ದಿನ ಹುಡುಕಿದ. ಸಿಗಲಿಲ್ಲ.

ಒಂಬತ್ತನೆಯ ದಿನ ರುದ್ರಾಂಬಮ್ಮ ಚಪ್ಪಲಿ ಮೆಟ್ಟಿದರು. “ನಡಿ.”

ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹೆಣ್ಣುಕೂಸು ಮಲಗಿತ್ತು. ಏಳು ತಿಂಗಳಿಗೇ ಹುಟ್ಟಿದ್ದು. ಅದರ ಎದೆಗೂಡು ಹಾಲೇಶನ ನಾಲ್ಕು ಬೆರಳಿನಷ್ಟು ಅಗಲವಿತ್ತು, ಅಷ್ಟೇ.

ಹಳೆಯ ಕೋಡೇ ಓಡುತ್ತಿದ್ದ ಯಂತ್ರದ ಪರದೆಯ ಮೂಲೆಯಲ್ಲಿ ಕೂಗುಗಳ ಎಣಿಕೆ ಏರುತ್ತಿತ್ತು. ಅವನು ಲೆಕ್ಕ ಹಾಕಿದ. ಒಂದು ಉಸಿರಿಗೆ ಆರುನೂರು ಕೂಗು. ಆರುನೂರು ಸಲ ಕೆಲಸ ಬಿಡುವುದು, ಓಡುವುದು, ಬಿಟ್ಟ ಅಕ್ಷರಕ್ಕೇ ಮರಳುವುದು. ಎದೆ ಏರಿತು, ಇಳಿಯಿತು.

ಬಾಣಂತಿ ಕೈ ಮುಗಿದಳು. “ಮಿಷನ್ ನೋಡಾಕೆ ಬಂದ್ರಾ ಸಾರ್? ಚೆನ್ನಾಗೈತಾ?”

ಹಾಲೇಶ ಇನ್ನೊಮ್ಮೆ ಕೂಸಿನ ಎದೆಯ ಕಡೆ ನೋಡಿದ.

“ಚೆನ್ನಾಗಿದೆಯಮ್ಮ. ಬಹಳ ಚೆನ್ನಾಗಿದೆ.”

ಮನೆಗೆ ಬಂದವನೇ ತನ್ನ ಎರಡು ತಿಂಗಳ ಕೆಲಸವನ್ನು ಪಕ್ಕಕ್ಕಿಟ್ಟ. ಹಳೆಯ ಕೋಡ್ ತೆರೆದ.

ಮೊದಲ ವಾರ ಬದಲಾಯಿಸಿದ್ದು ಹನ್ನೊಂದು ಸಾಲು. ಎಚ್ಚರಿಕೆಯ ಗಂಟೆಯ ಕೂಗೊಂದನ್ನೇ ಬೇರೆ ಮಾಡಿದ. ತಕ್ಷಣ ಮಾಡಬೇಕಾದದ್ದು ಅಲ್ಲೇ ಉಳಿಯಿತು. ಕಾದು ಮಾಡಬಹುದಾದದ್ದು ಆಮೇಲಿನ ಸರದಿಗೆ ಹೋಯಿತು. ರಬ್ಬರಿನ ಚೀಲದ ಮುಂದೆ ಏಳು ದಿನ ಕಾದ. ಚೀಲ ತಪ್ಪಲಿಲ್ಲ. ಆಮೇಲೆ ಇನ್ನೊಂದು ಕೂಗು.

ಆಸ್ಪತ್ರೆಗಳಲ್ಲಿ ಒಂದು ಕೂಸು ಚೇತರಿಸಿಕೊಂಡು, ಅದರ ಯಂತ್ರವನ್ನು ತೊಳೆಯಲು ಬಿಚ್ಚಿದಾಗ ಮಾತ್ರ ಆ ಯಂತ್ರಕ್ಕೆ ಹೊಸ ಸಾಲು ಸೇರುತ್ತಿತ್ತು.

ಹದಿನಾಲ್ಕನೆಯ ತಿಂಗಳು ಅವನಿಗೆ ಒಂದು ಸಾಲು ಸಿಕ್ಕಿತು. ಕಣ್ಣೆವೆ ಬಡಿಯುವುದಕ್ಕಿಂತಲೂ ಕಡಿಮೆ ಹೊತ್ತು ಸುಮ್ಮನೆ ಕಾಯುವ ಸಾಲು. ಯಾಕೆಂದು ಬರೆದಿರಲಿಲ್ಲ. ತಾನು ಹೊಸದಾಗಿ ಬರೆದಾಗ ಅದನ್ನು ಬಿಟ್ಟುಬಿಟ್ಟಿದ್ದ. ಅದೊಂದನ್ನೇ ತೆಗೆದು ಓಡಿಸಿದ.

ಒಂಬತ್ತನೆಯ ಗಂಟೆಯಲ್ಲಿ ಚೀಲ ಒಮ್ಮೆ ಉಬ್ಬಲಿಲ್ಲ.

ಕವಾಟದ ಮೇಲೆ ಬೆರಳಿಟ್ಟ. ಬಿಸಿಯಾಗಿತ್ತು. ಅಷ್ಟು ಹೊತ್ತು ಓಡಿ ಕಾದ ಕವಾಟ ಮುಚ್ಚಿದ ಮೇಲೂ ಒಂದಿಷ್ಟು ನಡುಗುತ್ತಿತ್ತು. ನಡುಕ ನಿಲ್ಲುವ ಮೊದಲೇ ಒತ್ತಡ ಅಳೆದರೆ, ಉಸಿರು ಆಗಲೇ ತುಂಬಿದೆ ಎಂದು ಯಂತ್ರ ನಂಬುತ್ತಿತ್ತು.

ಅವನು ಓಡಿಬಂದ. “ಅಮ್ಮಾ, ಈ ಕಾಯುವ ಸಾಲು ಬರೆದವರು ಯಾರು?”

“ನಾನೇ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ಮರೆತುಹೋಗಿತ್ತು ಕಣಪ್ಪ.”

ಹಾಲೇಶ ಸಾಲನ್ನು ಮರಳಿ ಇಟ್ಟ. ಅದರ ಪಕ್ಕದಲ್ಲಿ ಯಾಕೆಂದು ಬರೆದ.

ಕೊನೆಯ ಬದಲಾವಣೆ ಮುಗಿಯುವಾಗ ಮೂರನೆಯ ವರ್ಷ ನಡೆಯುತ್ತಿತ್ತು. ನಲವತ್ತು ಊರುಗಳಲ್ಲಿ ಏನೂ ಆಗಲಿಲ್ಲ. ಒಂದು ಉಸಿರೂ ತಪ್ಪಲಿಲ್ಲ. ಒಬ್ಬ ನರ್ಸ್ ಕೂಡ ಫೋನ್ ಮಾಡಲಿಲ್ಲ.

ಗುರು ಶಿಷ್ಯರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಬಿಸಿಲು ಏರುತ್ತಿತ್ತು.

“ಒಂದೊಂದು ಸಾಲೂ ಈಗ ಬಾಯಿಗೆ ಬರುತ್ತಮ್ಮಾ,” ಅಂದ ಹಾಲೇಶ. “ಆದರೂ ಅದು ಓಡೋದನ್ನ ನೋಡ್ತಿದ್ರೆ ಮೈ ಜುಮ್ಮನ್ನುತ್ತೆ. ಅಷ್ಟು ಕೂಗು, ಅಷ್ಟು ಓಡಾಟ, ಒಂದೇ ಒಂದು ಉಸಿರಿಗೆ. ನನಗಿನ್ನೂ ಪೂರ್ತಿ ಅರ್ಥವಾಗಿಲ್ಲ, ಅದಕ್ಕೇ ಈ ಬೆರಗು ಹೋಗ್ತಿಲ್ಲ ಅನ್ಸುತ್ತೆ.”

ರುದ್ರಾಂಬಮ್ಮ ನಕ್ಕರು.

“ಅರ್ಥವಾಗದೇ ಇದ್ದಾಗ ನಿನಗೆ ಬೆರಗು ಎಲ್ಲಿತ್ತಪ್ಪ?”