ಅಗ್ಗದ ಮೂಗು

ಶಾಲೆ ಮಕ್ಕಳನ್ನು ಹೊತ್ತು ಹೊತ್ತು ಹಣ್ಣಾದ ಒಂದು ವ್ಯಾನಿಗೆ ತನ್ನ ಆಕ್ಸಿಜನ್ ಸೆನ್ಸರ್ ಮೇಲೆ ಕೆಂಡದಂಥ ಕೋಪ. ಸೈಲೆನ್ಸರ್ ಕೊಳವೆಯಲ್ಲಿ ಕೂತು ಹೊಗೆಯ ವಾಸನೆ ನೋಡುವುದು ಆ ಸೆನ್ಸರಿನ ಕೆಲಸ. "ಯಜಮಾನರೆ, ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಏರ್ ಫಿಲ್ಟರಿನ ಧೂಳು ಕೊಡವಿಸಿ" ಎಂದು ಅದು ದಿನವೂ ಸ್ಟೇರಿಂಗ್ ಎದುರಿನ ಹಳದಿ ದೀಪ ಹಚ್ಚುತ್ತಿತ್ತು.

"ನನ್ನ ಉಪ್ಪು ತಿಂದು ನನ್ನದೇ ಮಾನ ಕಳೆಯುತ್ತೀಯಾ? ಹತ್ತುವವರೆಲ್ಲ ಆ ದೀಪ ನೋಡಿ ಮುಖ ಸಿಂಡರಿಸುತ್ತಾರೆ!" ಎಂದು ಗುಡುಗಿದ ವ್ಯಾನು ಅದನ್ನು ಬಿಚ್ಚಿಸಿ ಗುಜರಿಗೆ ಹಾಕಿತು.

ಬಿಡಿಭಾಗದ ಅಂಗಡಿಯಲ್ಲಿ ಎರಡು ಹೊಸ ಸೆನ್ಸರುಗಳಿದ್ದವು. ಬಣ್ಣದ ಡಬ್ಬಿಯಲ್ಲಿ ಮೆರೆಯುತ್ತಿದ್ದ ದುಬಾರಿಯದನ್ನು ವ್ಯಾನು ಕೇಳಿತು: "ಬಾಯಿ ಮುಚ್ಚಿಕೊಂಡಿರುತ್ತೀಯಾ?"

"ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನಮ್ಮ ಮನೆತನದ ಪದ್ಧತಿ" ಎಂದಿತು ಅದು.

"ಇಷ್ಟು ಬೆಲೆ ಕೊಟ್ಟು ಬೈಸಿಕೊಳ್ಳಬೇಕೆ!" ಎಂದು ಉರಿದುಬಿದ್ದ ವ್ಯಾನು, ಮೂಲೆಯಲ್ಲಿ ಬರೀ ಪ್ಲಾಸ್ಟಿಕ್ ಚೀಲದಲ್ಲಿದ್ದ ಅಗ್ಗದ್ದನ್ನು ಆರಿಸಿತು. ಅಗ್ಗಕ್ಕೆ ಸಿಕ್ಕಿದವನು ಬಾಲ ಮುದುರಿಕೊಂಡು ಬಿದ್ದಿರುತ್ತಾನೆ ಎಂಬುದು ಅದರ ಎಣಿಕೆ. ಹಾಗಾಗಿ ಅದನ್ನು ಒಂದು ಮಾತು ಕೇಳುವ ಗೋಜಿಗೂ ಹೋಗಲಿಲ್ಲ.

ಹೊಸ ಸೆನ್ಸರ್ ಕೂರಿಸಿ ಎಂಜಿನ್ ಶುರು ಮಾಡಿದ್ದೇ ತಡ, ಹಳದಿ ದೀಪ ಹೊತ್ತಿಕೊಂಡಿತು.

"ಲೋ ದ್ರೋಹಿ, ನೀನೂ ಶುರು ಮಾಡಿದೆಯಾ? ಬಾಯಿ ಮುಚ್ಚಿಕೊಂಡಿರಲಿ ಎಂದೇ ಅಗ್ಗದವನನ್ನು ತಂದೆ!"

"ಬೆಲೆ ಕಡಿಮೆ, ಒಪ್ಪಿದೆ. ಹಾಗಂತ ಮೂಗು ಮಾರಿಕೊಂಡಿಲ್ಲ" ಎಂದಿತು ಅಗ್ಗದ ಸೆನ್ಸರು. "ನಾನು ಹೊಸಬ, ಯಜಮಾನರೆ. ಹೊಗೆ ನಿಮ್ಮ ಹಳೆಯದೇ."